ಏಳನೆಯ ವಿಷಯ

ಫಾಲೋಫೀಲ್ಡ್, ಮ್ಯಾಂಚೆಸ್ಟರ್
13 ಜನವರಿ 2025

ಪ್ರೀತಿಯ ಅತ್ತೆ,

ಇವತ್ತು ಬೆಳಿಗ್ಗೆ ಬಸ್ಸಿನ ಮೇಲಿನ ಮಹಡಿಯಲ್ಲಿ ನಾನು ಕುಳಿತ ಸೀಟಿನ ಕಿಟಕಿಗೆ ಯಾರೋ ಉಸಿರು ಊದಿ, ಆ ಮಂಜಿನ ಮೇಲೆ ಬೆರಳಿನಿಂದ ಒಂದು ಮನೆ ಬರೆದು ಇಳಿದುಹೋಗಿದ್ದರು. ಎರಡು ಕಿಟಕಿ, ಒಂದು ಹೊಗೆಗೂಡು. ಬಾಗಿಲು ಇರಲಿಲ್ಲ. ವಿಲ್ಮ್‌ಸ್ಲೋ ರಸ್ತೆಯುದ್ದಕ್ಕೂ ಅದನ್ನೇ ನೋಡುತ್ತಾ ಹೋದೆ. ಯೂನಿವರ್ಸಿಟಿ ಸ್ಟಾಪು ಹತ್ತಿರವಾಗುವಷ್ಟರಲ್ಲಿ ಮನೆ ಅಳಿಸಿಹೋಗಿತ್ತು. ಅದೇ ಜಾಗಕ್ಕೆ ನಾನೊಮ್ಮೆ ಊದಿದೆ. ಮನೆ ಮತ್ತೆ ಕಾಣಿಸಿತು! ಬೆರಳು ಹರಿದಾಡಿದ ಗುರುತು ಗಾಜಿನ ಮೇಲೆ ಉಳಿದಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಕ್ರಿಸ್‌ಮಸ್ ರಜೆಯಲ್ಲಿ ನೀವು ಹೇಳಿದ್ದು ನೆನಪಿದೆ. "ಫೋನ್ ಬೇಡ ಕಣೇ, ಎರಡು ಮಾತಿಗೆ ಒಂದ್ಸಲ ಕೆಮ್ಮು ಬರತ್ತೆ, ನೀನು ಆ ಕಡೆ ಗಾಬರಿ ಆಗ್ತೀಯ. ಕಾಗದ ಬರಿ. ಕಾಗದದಲ್ಲಿ ನಾನು ಎಷ್ಟು ಸಲ ಉಸಿರಿಗೆ ನಿಂತೆ ಅಂತ ಯಾರಿಗೂ ಗೊತ್ತಾಗಲ್ಲ." ಅದಕ್ಕೇ ಬರೆಯುತ್ತಿದ್ದೇನೆ. ನನಗೂ ಇದೇ ಹಿತ. ಉಸಿರಿನ ತೊಂದರೆ ಏನೂ ಇಲ್ಲದೆಯೂ ನಾಲ್ಕು ಜನರ ಮುಂದೆ ನನಗೆ ಎರಡು ಮಾತು ಹೊರಡುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ.

ಒಂದು ಸುದ್ದಿ. ನನಗೆ ಇಲ್ಲಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿದೆ. ಆಸ್ತಮಾ ರೋಗಿಗಳ ರಕ್ತದಲ್ಲಿ ಔಷಧಿ ಎಷ್ಟಿದೆ ಎಂದು ಅಳೆಯಲು ಯಾವ ವಿಧಾನ ಒಳ್ಳೆಯದು ಎಂದು ಆರಿಸಲು ಒಂದು ಸಮಿತಿ ಮಾಡಿದ್ದಾರೆ. ಅದರಲ್ಲಿ ನಾನೂ ಇದ್ದೇನೆ. "ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿದೋಳಿಗೆ ಅಲ್ಲೇನಮ್ಮಾ ಕೆಲಸ?" ಎಂದು ಅಪ್ಪ ಮೈಸೂರಿನಿಂದ ಕೇಳಿದರು. ನೀವು ಕೇಳಬೇಡಿ.

ನಿಮ್ಮ ಕ್ಲಿನಿಕ್ಕಿನಲ್ಲಿ ಏನಂದರು? ತಿಂಗಳಿಗೊಂದು ಹೊಸ ಇಂಜೆಕ್ಷನ್ ಕೊಡುತ್ತೇವೆ ಅಂದಿದ್ದರಲ್ಲ, ಶುರುವಾಯಿತೇ?

ನಾಳೆ ಸಂಕ್ರಾಂತಿ. ಎಳ್ಳುಬೆಲ್ಲ ಲಕೋಟೆಯಲ್ಲಿ ಹಿಡಿಯಲಿಲ್ಲ, ಒಂದು ಚಿಟಿಕೆ ಎಳ್ಳು ಮಾತ್ರ ಹಾಕಿದ್ದೇನೆ.

ಯಾಮಿನಿ


ಬೀಸ್ಟನ್, ನಾಟಿಂಗ್‌ಹ್ಯಾಮ್
20 ಜನವರಿ 2025

ಚಿ. ಯಾಮಿನಿಗೆ ಅತ್ತೆಯ ಆಶೀರ್ವಾದ.

ಲಕೋಟೆ ತೆರೆದ ಕೂಡಲೇ ಎಳ್ಳು ಮಡಿಲೆಲ್ಲ ಚೆಲ್ಲಿತು. ಪೊರಕೆ ಹಿಡಿದು ನಿನ್ನನ್ನು ಬೈದುಕೊಂಡೇ ಗುಡಿಸಿದೆ. ನಾಲ್ಕು ಕಾಳು ಬಾಯಿಗೂ ಹಾಕಿಕೊಂಡೆ.

ನೀನು ಲ್ಯಾಬ್ ಸೇರಿದ್ದನ್ನು ಇಲ್ಲಿನ ಕನ್ನಡದವರಿಗೆಲ್ಲ ಹೇಳಿಬಿಟ್ಟೆ. "ನಮ್ಮ ಬಾಲಕೃಷ್ಣನ ಮಗಳು ಈಗ ವಿಜ್ಞಾನಿ" ಅಂದೆ. ವಾಸಂತಿ ಅದನ್ನು ಆಗಲೇ ಡರ್ಬಿಯವರೆಗೂ ಮುಟ್ಟಿಸಿದ್ದಾಳೆ. ನಾನು ಇಪ್ಪತ್ತೆರಡು ವರ್ಷ ಇಲ್ಲಿನ ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸಿದವಳು. ನನ್ನ ಸೋದರ ಸೊಸೆ ಆ ಡಬ್ಬಿಯೊಳಗಿನದನ್ನು ಅಳೆಯುತ್ತಾಳೆ ಅಂದರೆ ನನಗೆ ಹೆಮ್ಮೆ ಇರುವುದಿಲ್ಲವೇ?

ಕ್ಲಿನಿಕ್ಕಿಗೆ ಹೋಗಿ ಬಂದೆ. ಎಲ್ಲ ಸರಿಯಿದೆ. ಇಂಜೆಕ್ಷನ್ ಸ್ವಲ್ಪ ತಡವಾಗಬಹುದಂತೆ. ಅದಿರಲಿ. ಮಾತ್ರೆಯಿಂದ ಮುಖ ಪೂರಿಯ ಹಾಗೆ ಉಬ್ಬಿದೆ, ಹಳೆಯ ಫೋಟೋ ಇಟ್ಟುಕೊಂಡು ನನ್ನನ್ನು ಹುಡುಕಬೇಡ.

ಮತ್ತೆ, ಆ ಬಸ್ಸಿನ ಮನೆಗೆ ಬಾಗಿಲು ಇರಲಿಲ್ಲ ಅಂದೆಯಲ್ಲ. ನಿನ್ನ ಕೈಗೆ ಬೆರಳಿಲ್ಲವೇ? ನೀನೇ ಬರೆಯಬಹುದಿತ್ತು.

ಅತ್ತೆ


ಫಾಲೋಫೀಲ್ಡ್
2 ಫೆಬ್ರವರಿ 2025

ಪ್ರೀತಿಯ ಅತ್ತೆ,

ಮೊನ್ನೆ ಸಮಿತಿ ಸೇರಿತ್ತು. ನಿಮಗೆ ಇಷ್ಟವಾಗುತ್ತದೆಂದು ಎಲ್ಲವನ್ನೂ ಬರೆಯುತ್ತೇನೆ.

ಅಧ್ಯಕ್ಷೆ ಡಾ. ಹೆಲೆನ್. ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಮೇಜಿನ ಮೇಲೆಲ್ಲ ಹುಡುಕುತ್ತಾರೆ. ಧಾರವಾಡದ ವಿನಾಯಕ ಸರ್ ಲ್ಯಾಬಿನ ಹಿರಿಯ ವಿಜ್ಞಾನಿ. ಸಭೆಯಲ್ಲಿ ಇಂಗ್ಲಿಷು, ಚಹಾದ ಹೊತ್ತಿಗೆ ನನ್ನ ಜೊತೆ ಅವರ ಊರಿನ ಕನ್ನಡ.

ನೀವು ನುಂಗುವ ಪ್ರೆಡ್ನಿಸೊಲೋನ್ ಮಾತ್ರೆಯೇ ಚರ್ಚೆಯ ವಿಷಯ. ರಕ್ತದಲ್ಲಿ ಅದನ್ನು ಹುಡುಕಲು ಎರಡು ದಾರಿಗಳಿವೆಯಂತೆ. ಒಂದು, ಇಲ್ಲೇ ಲ್ಯಾಬಿನಲ್ಲಿ ಬಳಸುವ ಸಿದ್ಧ ಕಿಟ್. ಬೆಳಿಗ್ಗೆ ರಕ್ತ ಕೊಟ್ಟರೆ ಸಂಜೆಗೆ ಉತ್ತರ. ಇನ್ನೊಂದು, ಲೀಡ್ಸ್‌ನಲ್ಲಿರುವ ದೊಡ್ಡ ಯಂತ್ರ. ಅಲ್ಲಿಗೆ ಕಳಿಸಿದರೆ ವಾರ ಹಿಡಿಯುತ್ತದೆ. ವ್ಯತ್ಯಾಸವೇನೆಂದು ಚಹಾದ ಹೊತ್ತಿಗೆ ವಿನಾಯಕ ಸರ್ ಬಳಿ ಕೇಳಿದೆ.

"ಕಿಟ್ ಅದಲ್ಲಾ, ಅದು ಮಾರಿ ನೋಡಿ ಗುರುತು ಹಿಡಿಯೋ ವಾಚ್‌ಮನ್ ಇದ್ಹಂಗ. ನಮ್ಮ ಮೈಯಾಗೇ ಕಾರ್ಟಿಸಾಲ್ ಅಂತ ಒಂದು ತಯಾರಾಗ್ತದ. ಆ ಮಾತ್ರಿಗೂ ಅದಕ್ಕೂ ಅಣ್ಣತಮ್ಮರ ಹೋಲಿಕಿ. ವಾಚ್‌ಮನ್ ಒಮ್ಮೊಮ್ಮೆ ಅಣ್ಣಗ ತಮ್ಮ ಅಂತಾನ. ಲೀಡ್ಸ್ ಯಂತ್ರ ಮಾರಿ ನೋಡೂದೇ ಇಲ್ಲ, ಒಬ್ಬೊಬ್ಬರನ್ನ ತಕ್ಕಡಿ ಮ್ಯಾಲ ನಿಲ್ಲಸ್ತದ. ಒಂದರ ತೂಕ ಮುನ್ನೂರಾ ಅರವತ್ತು, ಇನ್ನೊಂದರದು ಮುನ್ನೂರಾ ಅರವತ್ತೆರಡು. ಎರಡು ಹೈಡ್ರೋಜನ್ನಿನ ಫರಕು, ಅಷ್ಟ!"

ನನಗೆ ಆ ದಿನವೆಲ್ಲ ಆ ಎರಡು ಹೈಡ್ರೋಜನ್ನುಗಳದೇ ಗುಂಗು.

ಸಭೆಯಲ್ಲಿ ಒಬ್ಬ ಡಾಕ್ಟರು ಹೇಳಿದರು: "ರೋಗಿಗಳು ನನಗೊಂದು ಹೇಳುತ್ತಾರೆ, ಅವರ ರಕ್ತ ಇನ್ನೊಂದು ಹೇಳುತ್ತದೆ. ನಾನು ರಕ್ತದ ಜೊತೆಗೇ ಮಾತಾಡುತ್ತೇನೆ." ಎಲ್ಲರೂ ನಕ್ಕರು. ಮಾತ್ರೆ ತಗೊಂಡೆ ಎಂದು ಹೇಳಿ ತಗೊಳ್ಳದೆ ಇರುವವರು ಎಷ್ಟೋ ಜನರಂತೆ. ನಾನು ಇಷ್ಟು ವರ್ಷ ಕಾದಂಬರಿಗಳಲ್ಲಿ ಸುಳ್ಳು ಹೇಳುವ ನಿರೂಪಕರನ್ನು ಹುಡುಕುತ್ತಿದ್ದೆ. ಈಗ ರಕ್ತದ ಟ್ಯೂಬುಗಳಲ್ಲಿ ಹುಡುಕುವ ಕಡೆ ಬಂದು ಸೇರಿದ್ದೇನೆ ಅನ್ನಿಸಿ ನನಗೂ ನಗು ಬಂತು.

ನೀವೂ ಅಂಗಡಿಯಲ್ಲಿ ಅಂಥವರನ್ನು ಎಷ್ಟು ನೋಡಿರುತ್ತೀರಿ! ಅವರ ಕಥೆ ಬರೆಯಿರಿ.

ಯಾಮಿನಿ


ಫಾಲೋಫೀಲ್ಡ್
23 ಫೆಬ್ರವರಿ 2025

ಅತ್ತೆ,

ಮೂರು ವಾರವಾಯಿತು, ನಿಮ್ಮ ಪತ್ರವಿಲ್ಲ. ಬೇಡವೆಂದಿದ್ದರೂ ಎರಡು ಸಲ ಫೋನ್ ಮಾಡಿದೆ. ನೀವು ಎತ್ತಲಿಲ್ಲ. ಬರ್ಮಿಂಗ್‌ಹ್ಯಾಮ್‌ಗೆ ಅಭಯ್‌ಗೆ ಮಾಡಿದೆ. "ಅಮ್ಮ ಈಸ್ ಫೈನ್ ಯಾಮಿನಿ, ಜಸ್ಟ್ ಬೀಯಿಂಗ್ ಡಿಫಿಕಲ್ಟ್" ಅಂದ. ನೀವು ಹಟ ಹಿಡಿದದ್ದನ್ನು ನೋಡಿದ್ದೇನೆ. ಸುಮ್ಮನಿದ್ದದ್ದನ್ನು ನೋಡಿಲ್ಲ.

ನನ್ನಿಂದ ಏನಾದರೂ ತಪ್ಪಾಯಿತೇ? ಹಿಂದಿನ ಪತ್ರದಲ್ಲಿ ಏನು ಬರೆದಿದ್ದೆನೆಂದು ನೆನಪಿಸಿಕೊಳ್ಳಲು ನೋಡುತ್ತಿದ್ದೇನೆ. ಹೈಡ್ರೋಜನ್ ಬಿಟ್ಟು ಬೇರೇನೂ ನೆನಪಾಗುತ್ತಿಲ್ಲ.

ಒಂದು ಸಾಲು ಸಾಕು.

ಯಾಮಿನಿ


ಬೀಸ್ಟನ್
3 ಮಾರ್ಚ್ 2025

ಯಾಮಿನಿಗೆ,

ಕೇಳಿದೆಯಲ್ಲ, ಹೇಳುತ್ತೇನೆ. ನಿನ್ನ ರಕ್ತದ ಟ್ಯೂಬಿನ ಸುಳ್ಳುಗಾರರಲ್ಲಿ ನಾನೂ ಒಬ್ಬಳು.

ಡಿಸೆಂಬರ್ ಹದಿನೇಳಕ್ಕೆ ರಕ್ತ ತೆಗೆದರು. ಜನವರಿ ಏಳಕ್ಕೆ ಡಾಕ್ಟರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. ಪ್ರೆಡ್ನಿಸೊಲೋನ್: ಪತ್ತೆಯಾಗಿಲ್ಲ. ಅವರೇನೂ ಬೈಯಲಿಲ್ಲ. ನನ್ನ ಕೈ ಮೇಲೆ ಕೈಯಿಟ್ಟು, ಮಾತ್ರೆ ತೆಗೆದುಕೊಳ್ಳುವುದು ಕಷ್ಟವಾಗುತ್ತಿದೆಯೇ, ಎಷ್ಟೋ ಜನರಿಗೆ ಆಗುತ್ತದೆ, ನಾವು ತಪ್ಪು ತಿಳಿಯುವುದಿಲ್ಲ ಅಂದರು. ಬೈದಿದ್ದರೆ ತಿರುಗಿ ಮಾತಾಡಬಹುದಿತ್ತು. ನಾನು ದಿನವೂ ತೆಗೆದುಕೊಳ್ಳುತ್ತೇನೆ ಅಂದೆ. ಅವರು ತಲೆಯಾಡಿಸಿದರು. ಆ ತಲೆಯಾಡಿಸುವಿಕೆ ನನಗೆ ಗೊತ್ತು ಕಣೇ. ಅಂಗಡಿಯಲ್ಲಿ ನಾನೇ ಸಾವಿರ ಸಲ ಹಾಗೆ ತಲೆಯಾಡಿಸಿದ್ದೇನೆ.

ಮಾತ್ರೆ, ಇನ್‌ಹೇಲರ್ ಎರಡನ್ನೂ ಸರಿಯಾಗಿ ತೆಗೆದುಕೊಂಡು, ಆಮೇಲೂ ಉಬ್ಬಸ ಬಗ್ಗದಿದ್ದವರಿಗೆ ಮಾತ್ರ ಆ ಇಂಜೆಕ್ಷನ್. ಆದ್ದರಿಂದ ನನಗೆ ಸದ್ಯಕ್ಕಿಲ್ಲ. ಇದನ್ನು ನಿನಗೆ ತಡವಾಗಬಹುದಂತೆ ಎಂದು ಬರೆದೆ. ಅದೊಂದು ಮಾತ್ರ ನಿಜವಾಗಿ ನಾನು ಹೇಳಿದ ಸುಳ್ಳು.

ಅಭಯ್ ಬಂದ. ಡಬ್ಬಿಯಲ್ಲಿದ್ದ ಮಾತ್ರೆ ಎಣಿಸಿದ. ಲೆಕ್ಕ ಸರಿಯಿತ್ತು. "ನೋಡಿದೆಯೇನೋ?" ಅಂದೆ. ಎಸೆದಿದ್ದರೂ ಲೆಕ್ಕ ಸರಿಯೇ ಬರುತ್ತದಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದ. ಹೋಗುವ ಮುಂಚೆ ಅಡಿಗೆಮನೆಯ ಕಸದ ಡಬ್ಬಿಯ ಮುಚ್ಚಳ ತೆಗೆದು ನೋಡಿದ. ನಾನು ನೋಡಲಿಲ್ಲವೆಂದುಕೊಂಡಿದ್ದಾನೆ.

ಅದಾದ ಮೇಲೆ ನಿನ್ನ ಪತ್ರ ಬಂತು. ಸಮಿತಿಯಲ್ಲಿ ಎಲ್ಲರೂ ನಕ್ಕರು, ನೀನೂ ನಕ್ಕೆ. ಇವಳಿಗೂ ಯಾರೋ ಹೇಳಿದ್ದಾರೆ, ನೇರವಾಗಿ ಕೇಳಲಾರದೆ ಸುತ್ತಿ ಬಳಸಿ ಕೇಳುತ್ತಿದ್ದಾಳೆ ಅಂದುಕೊಂಡೆ.

ಮಾರ್ಚ್ 25ಕ್ಕೆ ಇನ್ನೊಂದು ಸಲ ರಕ್ತಕ್ಕೆ ಕರೆದಿದ್ದಾರೆ. ಹೋಗುವುದಿಲ್ಲ. ಎರಡನೆಯ ಸಲವೂ ಆ ಪರದೆಯಲ್ಲಿ ಅದೇ ಬಂದರೆ ತಡೆದುಕೊಳ್ಳುವ ಶಕ್ತಿ ನನಗಿಲ್ಲ. ಮಾತ್ರೆಯನ್ನಂತೂ ಬಿಟ್ಟಿಲ್ಲ. ಬಿಟ್ಟರೆ ಅವರ ಮಾತು ನಿಜವಾಗುತ್ತದೆ.

ಚಂದ್ರಪ್ರಭಾ


ಫಾಲೋಫೀಲ್ಡ್
6 ಮಾರ್ಚ್ 2025

ಅತ್ತೆ,

ನೀವು ಕೊನೆಯಲ್ಲಿ ಅತ್ತೆ ಎಂದು ಬರೆಯದೆ ಹೆಸರು ಬರೆದಿದ್ದೀರಿ.

ನನಗೆ ಯಾರೂ ಏನೂ ಹೇಳಿರಲಿಲ್ಲ. ನಿಮ್ಮನ್ನು ನಗಿಸಬೇಕೆಂದು ಬರೆದೆ, ಅಷ್ಟೇ. ಆದರೆ ಸಭೆಯಲ್ಲಿ ನಾನು ನಕ್ಕದ್ದು ನಿಜ. ಎಲ್ಲರೂ ನಗುವಾಗ ಒಬ್ಬಳೇ ನಗದಿದ್ದರೆ ಯಾರಾದರೂ ನನ್ನ ಕಡೆ ನೋಡುತ್ತಾರೆ ಎಂಬ ಭಯಕ್ಕೆ ನಕ್ಕೆ. ಅದು ಇನ್ನೂ ನಾಚಿಕೆಯ ವಿಷಯ.

ನೀವು ನಿಮ್ಮ ಸುಳ್ಳು ಹೇಳಿದಿರಿ, ನಾನೂ ನನ್ನದನ್ನು ಹೇಳುತ್ತೇನೆ. ನಾನು ವಿಜ್ಞಾನಿಯಲ್ಲ. ಸಮಿತಿಯಲ್ಲಿ ಇದ್ದೇನೆ ಅಂದರೆ ಆ ಕೋಣೆಯಲ್ಲಿ ಇದ್ದೇನೆ, ಅಷ್ಟೇ. ಸಭೆಗೆ ಕೋಣೆ ಗೊತ್ತು ಮಾಡುವುದು, ಕಾರ್ಯಸೂಚಿ ಕಳಿಸುವುದು, ಯಾರು ಏನಂದರೆಂದು ಬರೆದುಕೊಳ್ಳುವುದು ನನ್ನ ಕೆಲಸ. ಹಾಜರಿದ್ದವರ ಪಟ್ಟಿಯಲ್ಲಿ ನನ್ನ ಹೆಸರು ಎಲ್ಲರಿಗಿಂತ ಕೊನೆಗೆ, "ಟಿಪ್ಪಣಿಗೆ" ಎಂಬ ಮಾತಿನೊಂದಿಗೆ ಬರುತ್ತದೆ. ಆ ಹೆಸರನ್ನೂ ನಾನೇ ಟೈಪು ಮಾಡುತ್ತೇನೆ. ಇಲ್ಲಿಯವರೆಗೆ ಆ ಕೋಣೆಯಲ್ಲಿ ನಾನು ಆಡಿರುವುದು ಒಂದೇ ಮಾತು: "ಚಹಾಕ್ಕೆ ಹಾಲು ಬೇಕೇ?"

ನಾನು ನಿಮ್ಮನ್ನು ನಂಬುತ್ತೇನೆ. ಆದರೆ ನನ್ನ ನಂಬಿಕೆಯಿಂದ ನಿಮಗೆ ಇಂಜೆಕ್ಷನ್ ಸಿಗುವುದಿಲ್ಲ. ಆದ್ದರಿಂದ ನನಗೆ ಬರುವ ಒಂದೇ ವಿದ್ಯೆಯನ್ನು, ಕಥೆಯನ್ನು ಬಿಡಿಸಿ ಓದುವುದನ್ನು, ಪ್ರಯೋಗಿಸುತ್ತೇನೆ. ನೀವು ಹೇಳುವುದೂ ನಿಜ, ಆ ಪರದೆಯಲ್ಲಿ ಬಂದದ್ದೂ ನಿಜ ಎಂದು ಇಟ್ಟುಕೊಂಡರೆ, ನಡುವೆ ಯಾರೂ ಹೇಳದೆ ಬಿಟ್ಟದ್ದು ಏನೋ ಇದೆ. ಡಿಸೆಂಬರ್ ಹದಿನೇಳರ ಬೆಳಿಗ್ಗೆ ಎದ್ದಾಗಿನಿಂದ ಸೂಜಿ ಚುಚ್ಚುವವರೆಗೆ ಏನೇನು ಮಾಡಿದಿರಿ, ಎಲ್ಲವನ್ನೂ ಬರೆಯಿರಿ. ಇದೇನು ಮಹಾ ಎಂದು ಯಾವುದನ್ನೂ ಬಿಡಬೇಡಿ. ಗಂಟೆ ಎಷ್ಟು ಎಂಬುದೂ ಬೇಕು.

ಯಾಮಿನಿ


ಬೀಸ್ಟನ್
11 ಮಾರ್ಚ್ 2025

ಯಾಮಿನಿ,

ವಿಜ್ಞಾನಿಯಲ್ಲ ಎಂದು ಈಗ ಹೇಳುತ್ತೀಯಲ್ಲೇ, ಡರ್ಬಿಗೆ ಹೋದ ಸುದ್ದಿಯನ್ನು ನಾನು ಹೇಗೆ ವಾಪಸು ತರಿಸಲಿ?

ಕೇಳಿದ್ದೀಯ, ಬರೆಯುತ್ತೇನೆ. ಪೊಲೀಸರಿಗೆ ಹೇಳಿಕೆ ಕೊಟ್ಟ ಹಾಗಿರುತ್ತದೆ.

ಐದೂವರೆಗೆ ಎದ್ದೆ. ರಾತ್ರಿ ಎರಡು ಸಲ ಉಬ್ಬಸ ಬಂದು ದಿಂಬಿಗೆ ಒರಗಿ ಕೂತಿದ್ದರಿಂದ ಕುತ್ತಿಗೆ ಹಿಡಿದಿತ್ತು. ಇನ್‌ಹೇಲರ್ ಎಳೆದುಕೊಂಡು ಬಾಯಿ ಮುಕ್ಕಳಿಸಿದೆ. ಸ್ನಾನ ಮಾಡಿ ದೀಪ ಹಚ್ಚಿದೆ. ಹೊರಗೆ ಪಕ್ಕದ ಮನೆಯವನು ಕಾರಿನ ಗಾಜಿನ ಮಂಜನ್ನು ಲೈಬ್ರರಿ ಕಾರ್ಡಿನಿಂದ ಕೆರೆಯುತ್ತಿದ್ದ. ನಿನ್ನ ಮಾವನ ಹಳೆಯ ಮಫ್ಲರು ಸುತ್ತಿಕೊಂಡೆ. ಎಂಟೂ ಮುಕ್ಕಾಲಿಗೆ ಟ್ರ್ಯಾಮು. ಎದುರಿಗೆ ಕೂತ ಹುಡುಗಿಯೊಬ್ಬಳು ಬೆಣ್ಣೆ ಹಚ್ಚಿದ ರೊಟ್ಟಿ ತಿನ್ನುತ್ತಿದ್ದಳು. ವಾಸನೆಗೆ ಹೊಟ್ಟೆ ಚುರುಗುಟ್ಟಿತು. ರಕ್ತ ಕೊಡುವ ದಿನ, ಕಾಫಿ ಕೂಡ ಕುಡಿದಿರಲಿಲ್ಲವಲ್ಲ. ಒಂಬತ್ತೂವರೆಗೆ ಆಸ್ಪತ್ರೆ. ಹತ್ತು ದಾಟಿ ಐದು ನಿಮಿಷಕ್ಕೆ ಹೆಸರು ಕರೆದರು. ಎಡಗೈಯಲ್ಲಿ ನರ ಸಿಗದೆ ಬಲಗೈಯಲ್ಲಿ ತೆಗೆದರು. ಆ ನರ್ಸು ಒಳ್ಳೆಯವಳು, ನನ್ನ ಬಳೆ ನೋಡಿ ಚೆನ್ನಾಗಿದೆ ಅಂದಳು.

ಅಲ್ಲಿಗೆ ಸೂಜಿ ಚುಚ್ಚಿಯಾಯಿತು. ನಿನ್ನ ಪ್ರಶ್ನೆ ಮುಗಿಯಿತು. ಆದರೂ ಬರೆಯುತ್ತೇನೆ: ಹನ್ನೆರಡಕ್ಕೆ ಮನೆಗೆ ಬಂದೆ, ಉಪ್ಪಿಟ್ಟು ಮಾಡಿಕೊಂಡು ತಿಂದೆ, ಮಾತ್ರೆ ತೆಗೆದುಕೊಂಡೆ, ಮಲಗಿದೆ.

ಇದರಲ್ಲಿ ನಿನಗೇನು ಸಿಗುತ್ತದೋ ನಾನು ಕಾಣೆ.

ಅತ್ತೆ


ಫಾಲೋಫೀಲ್ಡ್
14 ಮಾರ್ಚ್ 2025

ಅತ್ತೆ! ಸಿಕ್ಕಿತು!

ನೀವು "ನಿನ್ನ ಪ್ರಶ್ನೆ ಮುಗಿಯಿತು" ಎಂದ ಮೇಲೆ ಬರೆದ ಸಾಲಿನಲ್ಲೇ ಇದೆ. ಆ ದಿನ ನೀವು ಮಾತ್ರೆ ತೆಗೆದುಕೊಂಡದ್ದು ರಕ್ತ ಕೊಟ್ಟು ಬಂದ ಮೇಲೆ. ದಿನವೂ ಎಂಟು ಗಂಟೆಗೆ, ತಿಂಡಿ ತಿಂದು ತೆಗೆದುಕೊಳ್ಳುತ್ತೀರಲ್ಲವೇ? ಆ ದಿನ ತಿಂಡಿ ಇಲ್ಲ, ಆದ್ದರಿಂದ ಮಾತ್ರೆಯೂ ಇಲ್ಲ. ಮಾತ್ರೆಯ ಡಬ್ಬಿಯ ಮೇಲೆ "ಆಹಾರದ ಜೊತೆ ಅಥವಾ ನಂತರ" ಎಂಬ ಚೀಟಿ ಇರುತ್ತದೆ. ಇಪ್ಪತ್ತೆರಡು ವರ್ಷ ಆ ಚೀಟಿ ಅಂಟಿಸಿದವರು ನೀವೇ. ಅದನ್ನು ಮೀರುವವರಲ್ಲ.

ಆದರೆ ಆ ರಕ್ತಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದು ನಿಮಗೆ ಹೇಳಿದವರು ಯಾರು? ನಾನು ಬಲ್ಲೆ, ಯಾರೂ ಹೇಳಿಲ್ಲ. ಮಾವನ ಸಕ್ಕರೆ ಕಾಯಿಲೆಗೆ ಹದಿನೈದು ವರ್ಷ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಿಸಿದಿರಿ. ನಮ್ಮ ಮನೆಯಲ್ಲೂ ಹಾಗೇ. ಅಪ್ಪ ಲ್ಯಾಬಿಗೆ ಹೋಗುವ ದಿನ ಅಮ್ಮ ಕಾಫಿ ಡಬ್ಬಿಯನ್ನೇ ಬಚ್ಚಿಡುತ್ತಿದ್ದರು.

ನಿನ್ನೆ ಊಟದ ಹೊತ್ತಿಗೆ ವಿನಾಯಕ ಸರ್ ಹತ್ತಿರ ಹೋದೆ. ನನ್ನ ಪರಿಚಯದವರೊಬ್ಬರು ಎಂದು ಶುರು ಮಾಡಿದೆ.

"ಬೀಸ್ಟನ್ನಿನ ಅತ್ತಿಯವರೇನು?" ಅಂದರು.

"ನಿಮಗೆ ಹೇಗೆ ಗೊತ್ತು ಸರ್?"

"ನೀ ಬ್ಯಾರೆ ಯಾರ ಸಲುವಾಗಿ ಇಷ್ಟು ಮಾತಾಡ್ತಿದ್ದಿ? ಹೇಳು."

ಹೇಳಿದೆ. ಅವರು ಚಪಾತಿ ಕೆಳಗಿಟ್ಟರು. "ಹಿಂದಿನ ದಿನ ಎಂಟಕ್ಕ ತಗೊಂಡದ್ದು, ಮರುದಿನ ಹತ್ತಕ್ಕ ರಕ್ತ. ಇಪ್ಪತ್ತಾರು ತಾಸು! ಈ ಮಾತ್ರಿ ರಕ್ತದಾಗ ಅಷ್ಟು ಹೊತ್ತು ಕೂಡೂದಿಲ್ಲವಾ. ಹುಡುಕಿದ್ರ ಎಲ್ಲಿ ಸಿಗಬೇಕು? ಅವರು ಆ ಮಾತ್ರಿ ಒಂದನ್ನ ಹುಡುಕ್ಯಾರ. ಅದರ ಜೋಡಿ ಕಾರ್ಟಿಸಾಲೂ ನೋಡಿದ್ದರ ಗೊತ್ತಾಗ್ತಿತ್ತು."

ಅವರು ವಿವರಿಸಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ತಿಂಗಳುಗಟ್ಟಲೆ ದಿನವೂ ಮಾತ್ರೆ ತೆಗೆದುಕೊಂಡರೆ, ಹೊರಗಿನಿಂದ ಬರುತ್ತಿದೆಯಲ್ಲ ಎಂದು ಮೈ ತನ್ನದೇ ಕಾರ್ಟಿಸಾಲ್ ಮಾಡುವುದನ್ನು ತುಂಬ ಕಡಿಮೆ ಮಾಡುತ್ತದೆ. ಒಂದು ಬೆಳಿಗ್ಗೆ ಮಾತ್ರೆ ತಪ್ಪಿದ ಮಾತ್ರಕ್ಕೆ ಅದು ಮತ್ತೆ ಶುರುವಾಗುವುದಿಲ್ಲ. ಆದ್ದರಿಂದ ಆ ದಿನ ನೋಡಿದ್ದರೆ ನಿಮ್ಮ ಕಾರ್ಟಿಸಾಲ್ ಕಡಿಮೆಯೇ ಇರುತ್ತಿತ್ತು. ಮಾತ್ರೆ ಇವತ್ತಿನ ಬೆಳಿಗ್ಗೆಯ ಸುದ್ದಿ ಹೇಳುತ್ತದೆ, ಕಾರ್ಟಿಸಾಲ್ ಹಿಂದಿನ ತಿಂಗಳುಗಳದನ್ನು. ಬಸ್ಸಿನ ಗಾಜಿನ ಮೇಲಿನ ಮನೆ ನೆನಪಿದೆಯೇ? ಕಾಣದಿದ್ದರೂ ಅಳಿಸಿರಲಿಲ್ಲ. ಲೀಡ್ಸ್‌ನ ಯಂತ್ರ ಒಂದೇ ಟ್ಯೂಬಿನಿಂದ ಎರಡನ್ನೂ ಬೇರೆಬೇರೆಯಾಗಿ ತೂಗುತ್ತದೆ.

"ಮಾತ್ರಿ ಒಮ್ಮಿಂದೊಮ್ಮೆ ಬಿಡಬ್ಯಾಡ್ರಿ ಅಂತ ಅತ್ತಿಯವರಿಗೆ ಬರಿ. ಮೈ ತನ್ನ ಕಾರ್ಟಿಸಾಲ್ ತಾ ಮಾಡೂದು ನಿಂತಿರ್ತದ, ಅಪಾಯ" ಎಂದೂ ಹೇಳಿದರು. ಸಿಟ್ಟಿಗೆ ಬಿಟ್ಟುಬಿಡದೆ ನೀವು ಎಷ್ಟು ಒಳ್ಳೆಯ ಕೆಲಸ ಮಾಡಿದಿರಿ ನೋಡಿ.

ಅತ್ತೆ, 25ಕ್ಕೆ ಹೋಗಿ. ತಿಂಡಿ ತಿಂದು, ಮಾತ್ರೆ ತೆಗೆದುಕೊಂಡು, ಗಂಟೆ ಬರೆದಿಟ್ಟುಕೊಂಡು ಹೋಗಿ. ಎರಡನ್ನೂ ನೋಡಿ ಎಂದು ಡಾಕ್ಟರಿಗೆ ಹೇಳಿ. ನಾನು ರಜೆ ಹಾಕಿದ್ದೇನೆ. ಹಿಂದಿನ ದಿನ ಸಂಜೆ ಇಲ್ಲಿನ ಪಿಕ್ಯಾಡಿಲಿ ಸ್ಟೇಷನ್ನಿನಿಂದ ರೈಲು ಹತ್ತುತ್ತೇನೆ. ಬೇಡವೆಂದು ಬರೆದರೆ ಆ ಪತ್ರ ನನಗೆ ತಲುಪುವುದಿಲ್ಲ.

ಯಾಮಿನಿ


ಬೀಸ್ಟನ್
4 ಏಪ್ರಿಲ್ 2025

ಚಿ. ಯಾಮಿನಿಗೆ ಅತ್ತೆಯ ತುಂಬು ಆಶೀರ್ವಾದ.

ನಿನ್ನೆ ಡಾಕ್ಟರು ಅವರೇ ಫೋನ್ ಮಾಡಿದರು. ರಕ್ತದಲ್ಲಿ ಮಾತ್ರೆ ಇದೆ. ಕಾರ್ಟಿಸಾಲ್ ತೀರ ಕಡಿಮೆ. ನೀನು ಹೇಳಿದ ಹಾಗೇ. ಹಲವು ತಿಂಗಳಿಂದ ತಪ್ಪದೆ ತೆಗೆದುಕೊಳ್ಳುತ್ತಿದ್ದೀರಿ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ ಅಂದರು. ಆಮೇಲೆ, "ಮಾತ್ರೆ ಎಷ್ಟು ಗಂಟೆಗೆ ಎಂದು ಅವತ್ತೇ ನಾವು ಕೇಳಬೇಕಿತ್ತು, ಕ್ಷಮಿಸಿ" ಅಂದರು. ನನಗೆ ಕೆಮ್ಮು ಬಂದುಬಿಟ್ಟಿತು. ಕೆಮ್ಮೇ ಅನ್ನು. ಇಂಜೆಕ್ಷನ್ನಿಗೆ ನನ್ನ ಹೆಸರು ಮೇ ತಿಂಗಳ ಪಟ್ಟಿಗೆ ಹೋಗಿದೆ. ಆಗುವ ಹಾಗೇ ಕಾಣುತ್ತದೆ ಅಂದರು.

ನಿನಗೊಂದು ಮಾತು ಹೇಳಬೇಕು. 25ರಂದು ಡಾಕ್ಟರ ಕೋಣೆಯಲ್ಲಿ, ಎಷ್ಟು ಗಂಟೆಗೆ ಏನಾಯಿತೆಂದು ನೀನು ಬರೆದುಕೊಟ್ಟ ಚೀಟಿಯನ್ನು ಓದಿದವಳು ನಾನು. ಎರಡು ಸಾಲಿಗೊಮ್ಮೆ ಉಸಿರಿಗೆ ನಿಂತು ನಿಂತು ಓದಿದೆ. ನೀನು ಪಕ್ಕದಲ್ಲಿ ಕೂತು ನಿನ್ನ ಶೂ ನೋಡಿಕೊಳ್ಳುತ್ತಿದ್ದೆ. ಡಾಕ್ಟರು, "ಇದನ್ನು ಬರೆದವರು ಯಾರು? ಬಹಳ ಸ್ಪಷ್ಟವಾಗಿದೆ" ಅಂದಾಗಲೂ ತಲೆಯೆತ್ತಲಿಲ್ಲ. ಉಸಿರಿಲ್ಲದವಳು ಓದಬೇಕು, ಉಸಿರಿದ್ದವಳು ಶೂ ನೋಡಬೇಕು. ಇದ್ಯಾವ ನ್ಯಾಯವೇ?

ಅಭಯ್ ಭಾನುವಾರ ಬಂದಿದ್ದ, ಯುಗಾದಿಗೆ. ಇನ್ನೂ ರಿಪೋರ್ಟು ಬಂದಿರಲಿಲ್ಲ. ನಿನ್ನ ಪತ್ರವನ್ನು ಅವನಿಗೆ ಓದಿ ಹೇಳಿದ್ದೆ. ಎದ್ದು ಹೋಗಿ ಕಸದ ಡಬ್ಬಿಯ ಚೀಲವನ್ನು ಗಂಟು ಕಟ್ಟಿ, ಒಳಗೆ ನೋಡದೆ, ಹೊರಗೆ ಹಾಕಿ ಬಂದ. "ಸಾರಿ ಅಮ್ಮಾ" ಅಂದ. ಕನ್ನಡದಲ್ಲಿ ಆ ಎರಡನೆಯ ಪದವೊಂದೇ ಅವನಿಗೆ ಸರಿಯಾಗಿ ಬರುವುದು. ಅಷ್ಟು ಸಾಕಾಯಿತು.

ಅವತ್ತೇ ಮಧ್ಯಾಹ್ನ ಕನ್ನಡದವರ ಯುಗಾದಿ ಊಟಕ್ಕೆ ಹೋಗಿದ್ದೆವು. ಒಬ್ಬಟ್ಟಿನ ಸಾಲಿನಲ್ಲಿ ನಿಂತಿದ್ದಾಗ ನನಗೊಂದು ಯೋಚನೆ ಬಂತು. ಮುಂದಿದ್ದ ವಾಸಂತಿಯನ್ನು ಕೇಳಿದೆ: "ಬ್ಲಡ್ ಟೆಸ್ಟಿಗೆ ಹೋಗೋ ದಿನ ತಿಂಡಿ ತಿಂತೀಯೇನೇ?"

"ಅಯ್ಯೋ, ಬ್ಲಡ್ ಟೆಸ್ಟ್ ಅಂದ್ರೆ ಖಾಲಿ ಹೊಟ್ಟೇಲಿ ತಾನೇ ಹೋಗ್ಬೇಕು?"

"ಯಾವ ಟೆಸ್ಟ್ ಆದ್ರೂ?"

"ಯಾವ್ದಾದ್ರೇನು ಪ್ರಭಾ, ರಕ್ತ ರಕ್ತಾನೇ ಅಲ್ವಾ?"

ರಾಯಚೂರಿನ ಶರಣಮ್ಮನವರನ್ನು ಕೇಳಿದೆ. "ನೀರು ಸೈತ ಕುಡಿಯಂಗಿಲ್ರಿ ನಾ" ಅಂದರು. ಉಮೇಶ ಎಂಜಿನಿಯರು. ಅವನೂ ಖಾಲಿ ಹೊಟ್ಟೆಯವನೇ. ಸಾಲಿನ ತುದಿಯವರೆಗೆ ಹನ್ನೊಂದು ಜನರನ್ನು ಕೇಳಿದೆ. ಒಂಬತ್ತು ಜನ ಅದನ್ನೇ ಹೇಳಿದರು. ಒಬ್ಬ, ಮೊದಲು ಒಬ್ಬಟ್ಟು ಕೊಡಿ ಆಂಟಿ ಅಂದ. ಉಳಿದವರೊಬ್ಬರೇ "ಕೇಳ್ಕೊಂಡು ಹೋಗ್ತೀನಿ" ಅಂದದ್ದು, ಅವರು ಹೃದಯದ ಡಾಕ್ಟರು!

ಆಮೇಲೆ ನನ್ನ ಒಬ್ಬಟ್ಟನ್ನು ಅಭಯ್ ತಟ್ಟೆಗೆ ಹಾಕಿಬಿಟ್ಟೆ. ನನಗೆ ನೀನಿದ್ದೆ. ಹೀಗೆ ಹಸಿದುಕೊಂಡು ಹೋಗಿ ಸುಳ್ಳುಗಾರರೆನಿಸಿಕೊಂಡು ಮನೆಗೆ ಬಂದು ಬಾಗಿಲು ಹಾಕಿಕೊಂಡವರು ಇನ್ನೆಷ್ಟು ಜನರೋ. ಅವರಿಗೆ ಯಾರು ಪತ್ರ ಬರೆಯುತ್ತಾರೆ?

ಅತ್ತೆ


ಮ್ಯಾಂಚೆಸ್ಟರ್, ಲ್ಯಾಬಿನಿಂದ
9 ಏಪ್ರಿಲ್ 2025, ಬೆಳಿಗ್ಗೆ

ಪ್ರೀತಿಯ ಅತ್ತೆ,

ಎಂಟೂ ಇಪ್ಪತ್ತು. ಹತ್ತಕ್ಕೆ ಸಭೆ. ಇವತ್ತು ಯಾವ ವಿಧಾನ ಎಂಬುದು ತೀರ್ಮಾನವಾಗುತ್ತದೆ. ಕೋಣೆಯಲ್ಲಿ ಇನ್ನೂ ಯಾರೂ ಇಲ್ಲ. ಕುರ್ಚಿಗಳನ್ನು ಜೋಡಿಸಿ, ನನ್ನ ಮೂಲೆಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ.

ನಿಮ್ಮ ಪತ್ರವನ್ನು ನಾಲ್ಕು ದಿನ ಚೀಲದಲ್ಲಿಟ್ಟುಕೊಂಡು ತಿರುಗಿದೆ. ಶೂ ವಿಷಯ ಓದಿದಾಗ ಮೊದಲು ಸಿಟ್ಟು ಬಂತು. ಆಮೇಲೆ ಕೆಳಗೆ ನೋಡಿದರೆ ಆಗಲೂ ಶೂವನ್ನೇ ನೋಡುತ್ತಿದ್ದೆ.

ಲೀಡ್ಸ್‌ನ ಯಂತ್ರವೇ ಆಗಬಹುದೆಂದು ವಿನಾಯಕ ಸರ್ ಹೇಳುತ್ತಾರೆ. ನನಗೂ ಸಂತೋಷವೇ. ಆದರೆ ಮೊನ್ನೆ ರಕ್ತದ ಟ್ಯೂಬಿನ ಜೊತೆ ಹೋಗುವ ಹೊಸ ಫಾರಂ ಟೈಪು ಮಾಡಲು ನನಗೆ ಕೊಟ್ಟರು. ಹೆಸರು, ಹುಟ್ಟಿದ ದಿನ, ವೈದ್ಯರ ಸಹಿ, ರಕ್ತ ತೆಗೆದ ಗಂಟೆ ಎಲ್ಲಕ್ಕೂ ಜಾಗವಿದೆ. ಕೊನೆಯ ಮಾತ್ರೆ ಎಷ್ಟು ಗಂಟೆಗೆ ತೆಗೆದುಕೊಂಡಿರಿ ಎಂಬುದಕ್ಕೆ ಇಲ್ಲ. ಎರಡು ಹೈಡ್ರೋಜನ್ನಿನ ವ್ಯತ್ಯಾಸ ಹಿಡಿಯುವ ಯಂತ್ರವನ್ನು ಆರಿಸಲು ಮೂರು ತಿಂಗಳಾಯಿತು. ಒಂದು ಪ್ರಶ್ನೆ ಕೇಳಲು ಅರ್ಧ ನಿಮಿಷ ಬೇಕು. ಅದನ್ನು ಹೇಳಬೇಕಾದವರು ಯಾರು ಎಂದು ಯೋಚಿಸಿದೆ. ವಿನಾಯಕ ಸರ್‌ಗೆ ಹೇಳಿದರೆ ನನಗಿಂತ ಚೆನ್ನಾಗಿ ಹೇಳುತ್ತಾರೆ. ಚೀಟಿಯಲ್ಲಿ ಬರೆದುಕೊಟ್ಟರೆ ಹೆಲೆನ್ ಅವರೇ ಓದುತ್ತಾರೆ. ಯಾರ ಕೈಗೆ ಚೀಟಿ ಕೊಡುವುದೆಂದು ಎರಡು ದಿನ ಯೋಚಿಸಿದೆ.

ಕಾರ್ಯಸೂಚಿ ಮಾಡುವವಳು ನಾನೇ ಎಂದು ಬರೆದಿದ್ದೆನಲ್ಲ. ಯಾವಾಗಲೂ ಆರು ವಿಷಯ, ಏಳನೆಯದು "ಇತರೆ". ನಿನ್ನೆ ಸಂಜೆ "ಇತರೆ"ಯನ್ನು ಎಂಟಕ್ಕೆ ಇಳಿಸಿದೆ. ಏಳನೆಯದಾಗಿ ಹೀಗೆ ಟೈಪು ಮಾಡಿದೆ: "ಕೊನೆಯ ಮಾತ್ರೆ ಯಾವಾಗ? ಏನಾದರೂ ತಿಂದು ಬಂದಿದ್ದೀರಾ? ಫಾರಂನಲ್ಲಿ ಎರಡು ಹೊಸ ಪ್ರಶ್ನೆಗಳು." ಪ್ರತಿ ವಿಷಯದ ಎದುರಿಗೂ ಅದರ ಬಗ್ಗೆ ಮಾತಾಡುವವರ ಹೆಸರು ಹಾಕಬೇಕು. ಯಾಮಿನಿ ಬಾಲಕೃಷ್ಣ ಎಂದು ಹಾಕಿದೆ. ಕಳಿಸುವ ಗುಂಡಿ ಒತ್ತಿ, ಬಸ್ ಸ್ಟಾಪಿನವರೆಗೆ ಓಡಿದೆ, ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೇನೋ ಎಂಬಂತೆ.

ಇವತ್ತು ಬಂದು ನೋಡಿದರೆ ಹೆಲೆನ್ ಅವರ ಉತ್ತರ: "ಹತ್ತು ನಿಮಿಷ ಸಾಕೇ?" ಅಷ್ಟೇ. ಸಾಕು ಎಂದು ಬರೆದೆ.

ನಿಮ್ಮ ಒಬ್ಬಟ್ಟಿನ ಸಾಲಿನ ಹನ್ನೊಂದು ಜನರನ್ನು ಹೆಸರಿಲ್ಲದೆ ಹೇಳುತ್ತೇನೆ. ನಿಮ್ಮದನ್ನೂ ಹೇಳಲೇ ಎಂದು ಕೇಳಲು ರಾತ್ರಿ ಫೋನ್ ಮಾಡಿದಾಗ ನೀವು ಕೆಮ್ಮಿನ ಮಧ್ಯೆ, "ಹೇಳೇ, ಹೆಸರು ಸಮೇತ ಹೇಳು, ನನಗ್ಯಾರ ಭಯ" ಅಂದಿರಿ. ಹೆಸರು ಹೇಳುವುದಿಲ್ಲ. ಔಷಧಿ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಚೀಟಿ ಅಂಟಿಸಿದ ಒಬ್ಬರು ಎಂದಷ್ಟೇ ಹೇಳುತ್ತೇನೆ.

ಅಕ್ಷರ ಓರೆಯಾಗಿದ್ದರೆ ಕ್ಷಮಿಸಿ. ಬೆಳಿಗ್ಗೆ ಎರಡು ಇಡ್ಲಿ ತಿಂದು ಬಂದಿದ್ದೇನೆ, ಖಾಲಿ ಹೊಟ್ಟೆಯಲ್ಲಿ ಬಂದಿಲ್ಲ.

ಒಂದೇ ತೊಡಕು. ಏಳನೆಯ ವಿಷಯ ಬಂದಾಗ ನಾನು ಮಾತಾಡುತ್ತಿರುತ್ತೇನೆ, ಬರೆದುಕೊಳ್ಳಲು ಯಾರೂ ಇರುವುದಿಲ್ಲ. ಅದಕ್ಕೂ ಯೋಚಿಸಿದ್ದೇನೆ. ಆಗ ಎದ್ದು ನಿಂತು, ನನ್ನ ಪೆನ್ನನ್ನು ವಿನಾಯಕ ಸರ್ ಕೈಗೆ ಕೊಡುತ್ತೇನೆ.

ಯಾಮಿನಿ